ನಲವತ್ತು ಹರ್ಟ್ಸ್‌ನ ಗಾಳಿ

ಮಂಗಳೂರಿನ ಬೈಕಂಪಾಡಿ ಕಡೆಯ ಕಾರ್ಖಾನೆಗಳಲ್ಲಿ ಬ್ಲೋವರ್ ನೋಡಿಕೊಳ್ಳುವವರಿಗೆ ಕಣ್ಣಿಗಿಂತ ಕಿವಿ ಮುಂದು. ಹೊರಗಿನವರಿಗೆ ಕೇಳಿಸುವುದು ಒಂದೇ ಸಮನೆ ಭೋರ್ ಎನ್ನುವ ಸದ್ದು. ಅವರಿಗೆ ಅದರೊಳಗೆ ಬೇರಿಂಗ್ ಬೇರೆ, ಬೆಲ್ಟ್ ಬೇರೆ, ಇಂಪೆಲ್ಲರ್ ಬೇರೆ. ಕಂಟ್ರೋಲ್ ರೂಮಿನಿಂದ "ಗಾಳಿ ಉಂಟಾ ಮಾರಾಯ?" ಎಂದು ಕೇಳಿದರೆ "ಉಂಟು, ನಲವತ್ತರಲ್ಲಿ ಓಡ್ತಾ ಉಂಟು" ಎಂಬ ಉತ್ತರ ಬರುತ್ತದೆ. ನಲವತ್ತು ಎಂದರೆ ಮೋಟರಿಗೆ ಹೋಗುವ ವಿದ್ಯುತ್ತಿನ ಆವರ್ತನ, 40 ಹರ್ಟ್ಸ್. ಈ ಮಂದಿಯ ಸಂತೋಷವೆಲ್ಲ ಆ ಅಂಕಿಯ ಸುತ್ತಲೇ ಇದೆ.

ಮೊದಲೆಲ್ಲ ಗಾಳಿ ಕಡಿಮೆ ಬೇಕೆಂದರೆ ಗಾಳಿಯ ದಾರಿಗೆ ಅಡ್ಡವಿರುವ ಡ್ಯಾಂಪರ್ ಮುಚ್ಚುತ್ತಿದ್ದರು. ಅಡಿಕೆ ತೋಟದಲ್ಲಿ ಪಂಪು ಪೂರ್ತಿ ಓಡಿಸಿ ಗೇಟ್‌ವಾಲ್ವ್ ಅರ್ಧ ತಿರುಗಿಸಿದ ಹಾಗೆ. ನೀರೇನೋ ಕಡಿಮೆ, ಬಿಲ್ಲು ಮಾತ್ರ ಅಷ್ಟು ಇಳಿಯದು. ಮೋಟರಿನ ವೇಗವನ್ನೇ ಬದಲಿಸುವ ಡ್ರೈವ್ (ವಿಎಫ್‌ಡಿ) ಬಂದ ಮೇಲೆ ಕಥೆ ಬದಲಾಯಿತು. ಅದು 50 ಹರ್ಟ್ಸ್‌ನ ವಿದ್ಯುತ್ತನ್ನು ಒಮ್ಮೆ ಡಿಸಿ ಮಾಡಿ, ಮತ್ತೆ ಬೇಕಾದ ಆವರ್ತನದ ಎಸಿಯಾಗಿ ಕೊಡುತ್ತದೆ. ಫ್ಯಾನಿನ ವೇಗ ಇಳಿದಷ್ಟೇ ಗಾಳಿಯೂ ಇಳಿಯುತ್ತದೆ, ಒತ್ತಡ ಅದರ ವರ್ಗದಷ್ಟು, ಶಕ್ತಿ ಘನದಷ್ಟು. 40 ಹರ್ಟ್ಸ್‌ನಲ್ಲಿ ಗಾಳಿ ಶೇ 80, ಬೇಕಾಗುವ ಶಕ್ತಿ ಸುಮಾರು ಶೇ 51. 25ಕ್ಕೆ ಇಳಿಸಿದರೆ ಎಂಟರಲ್ಲಿ ಒಂದು ಪಾಲು ಸಾಕು. ಈ ಲೆಕ್ಕ ತಿಳಿದ ಮ್ಯಾನೇಜರು ರಾತ್ರಿ ಕನಸಿನಲ್ಲೂ ಡ್ರೈವಿನ ಗುಂಡಿ ತಿರುಗಿಸುತ್ತಿರುತ್ತಾರೆ.

(ಅಂದ ಹಾಗೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಹರ್ಟ್ಸ್‌ನದು. ಆಗ ವಿದ್ಯುದಾಗರಕ್ಕೊಂದು ಆವರ್ತನ, ಈಗ ಮೋಟರಿಗೊಂದು.)

ಆದರೆ ಮಂಗಳೂರಿನ ಗಾಳಿ ಎಲ್ಲ ಕಡೆಯೂ ಬರೀ ಗಾಳಿಯಲ್ಲ. ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಪಣಂಬೂರಿನಲ್ಲಿ ಎಂಸಿಎಫ್ ಗೊಬ್ಬರ ಕಾರ್ಖಾನೆ, ಅದರಾಚೆ ಬಂದರು, ನಡುವೆ ಎಲ್‌ಪಿಜಿ ತುಂಬುವ ಘಟಕಗಳು. ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇ 2 ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. 2013ರಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿದ ದುರಂತವನ್ನು ನೆನಪಿಟ್ಟಿರುವ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಅನಿಲ ಹೀರುವ ಬ್ಲೋವರಿನ ಬಾಯಿ ನೆಲದ ಹತ್ತಿರ ಇರಬೇಕು. 2021ರ ಜನವರಿಯಲ್ಲಿ ಉದ್ಘಾಟನೆಯಾದ 450 ಕಿಲೋಮೀಟರ್ ಉದ್ದದ ಕೊಚ್ಚಿ-ಮಂಗಳೂರು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಸ್ವಭಾವ ತಿರುಗುಮುರುಗು. ಅದು ಹಗುರ, ಮಾಡಿಗೆ ಏರುತ್ತದೆ. ಊರು ಒಂದೇ, ಅನಿಲ ಬದಲಾದರೆ ಬ್ಲೋವರಿನವನು ತಲೆ ಎತ್ತಿ ನೋಡಬೇಕೋ ಬಗ್ಗಿಸಿ ನೋಡಬೇಕೋ ಎಂಬುದೂ ಬದಲಾಗುತ್ತದೆ.

ಇಂಥ ಜಾಗದಲ್ಲಿ ಗುಂಡಿ ತಿರುಗಿಸುವ ಉಮೇದಿಗೆ ಕಡಿವಾಣ ಬೇಕು. ಬ್ಲೋವರಿನ ಕೆಲಸ ಸೋರಿದ ಅನಿಲವನ್ನು ತೆಳುವಾಗಿಸಿ ಹೊರಗೆ ಹಾಕುವುದಾದರೆ, ವೇಗ ಇಳಿಸಿದಾಗ ಬಿಲ್ಲು ಇಳಿಯುತ್ತದೆ, ಸೋರಿಕೆ ಇಳಿಯುವುದಿಲ್ಲ. ಆದ್ದರಿಂದ ಬಲ್ಲವರು ಡಕ್ಟಿನಲ್ಲಿ ಗಾಳಿ ಅಳೆದು, ಇದಕ್ಕಿಂತ ಕೆಳಗಿಲ್ಲ ಎಂಬ ಕನಿಷ್ಠ ಆವರ್ತನ ಗೊತ್ತುಮಾಡಿ, ಡ್ರೈವಿಗೆ ಪಾಸ್‌ವರ್ಡ್ ಹಾಕಿಬಿಡುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದೂ ಇಲ್ಲ. ಡ್ರೈವಿನ ಪರದೆ ತೋರಿಸುವುದು ತಾನು ಕಳಿಸುತ್ತಿರುವ ಹರ್ಟ್ಸನ್ನು, ಬರುತ್ತಿರುವ ಗಾಳಿಯನ್ನಲ್ಲ. ಬೆಲ್ಟ್ ತುಂಡಾಗಿ ಇಂಪೆಲ್ಲರ್ ಸುಮ್ಮನೆ ನಿಂತಿದ್ದರೂ ಅಲ್ಲಿ 40 ಎಂದೇ ಮಿನುಗುತ್ತಿರುತ್ತದೆ. "ಗಾಳಿ ಉಂಟಾ?" ಎಂಬ ಪ್ರಶ್ನೆಗೆ ಉತ್ತರಿಸಬೇಕಾದ್ದು ಡಕ್ಟಿನಲ್ಲಿ ಕೂತ ಫ್ಲೋ ಸ್ವಿಚ್ಚು.

ಈ ಕಸುಬಿನಲ್ಲಿ ಎಲ್ಲಕ್ಕಿಂತ ಸೊಗಸಾದ ವಸ್ತು ಎಫ್‌ಎಲ್‌ಪಿ, ಅಂದರೆ ಫ್ಲೇಮ್‌ಪ್ರೂಫ್, ಮೋಟರು. ಅದರೊಳಕ್ಕೆ ಅನಿಲ ನುಗ್ಗುವುದೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ನುಗ್ಗುತ್ತದೆ. ಒಳಗೆ ಕಿಡಿ ಹಾರಿದರೆ ಸ್ಫೋಟವೂ ಆಗುತ್ತದೆ. ಆದರೆ ದಪ್ಪ ಎರಕದ ಮೈ ಆ ಹೊಡೆತವನ್ನು ತಡೆದುಕೊಳ್ಳುತ್ತದೆ. ಜೋಡಣೆಗಳ ಕೂದಲೆಳೆಯ ಸಂದಿಯಲ್ಲಿ ಜ್ವಾಲೆ ಹಾದು ಬರುವಷ್ಟರಲ್ಲಿ ಲೋಹ ಅದರ ಬಿಸಿ ಹೀರಿ ತಣಿಸಿಬಿಡುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿಯ ದೀಪಕ್ಕೆ ತಂತಿಬಲೆ ಸುತ್ತಿದಾಗ ನೆಚ್ಚಿಕೊಂಡದ್ದೂ ಈ ತಣಿಸುವ ಗುಣವನ್ನೇ. ಹೀಗಾಗಿ ಆ ಅಂಚುಗಳಿಗೆ ಬಣ್ಣ ಬಳಿಯಬಾರದು, ಸ್ಕ್ರೂಡ್ರೈವರಿನಿಂದ ಮೀಟಬಾರದು, ಒಂದು ಬೋಲ್ಟೂ ಬಿಟ್ಟುಹೋಗಬಾರದು. ಕಡಲಿನ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ ಸೇರಿ ಅಂಚಿಗೆ ತುಕ್ಕು ಹಿಡಿಸುತ್ತವೆ. ಮಳೆಗಾಲಕ್ಕೆ ಮುಂಚೆ ಮುಚ್ಚಳ ಬಿಚ್ಚಿ, ಒರೆಸಿ, ಗಟ್ಟಿಯಾಗದ ಗ್ರೀಸ್ ಸವರಿ, ಸಂದಿಗೆ ಫೀಲರ್ ಗೇಜ್ ಹಾಕಿ ನೋಡುವವನ ಮುಖದಲ್ಲಿ ವೀಣೆಗೆ ಶ್ರುತಿ ಹಿಡಿಯುವವನ ತನ್ಮಯತೆ ಇರುತ್ತದೆ.

ಈ ಮೋಟರಿಗೆ ಡ್ರೈವ್ ಜೋಡಿಸಿದರೆ ಹೊಸ ತಕರಾರುಗಳು ಶುರು. ಮೋಟರಿನ ಮೈ ಎಷ್ಟು ಬಿಸಿಯಾಗಬಹುದು ಎಂಬುದಕ್ಕೆ ಮಿತಿಯುಂಟು: ಟಿ3 ವರ್ಗ ಎಂದರೆ 200 ಡಿಗ್ರಿ ಸೆಲ್ಸಿಯಸ್, ಟಿ4 ಎಂದರೆ 135. ಡ್ರೈವಿನ ಕತ್ತರಿಸಿದ ಅಲೆಗಳು ಸುರುಳಿಯನ್ನು ಹೆಚ್ಚು ಕಾಯಿಸುತ್ತವೆ. ವೇಗ ಇಳಿದಾಗ ಮೋಟರಿನ ಬೆನ್ನಿಗಿರುವ ತಂಪಿನ ಫ್ಯಾನೂ ನಿಧಾನವಾಗುತ್ತದೆ. ಸಾಮಾನ್ಯ ಸೆಂಟ್ರಿಫ್ಯೂಗಲ್ ಬ್ಲೋವರಿಗೆ ಇದು ಅಷ್ಟು ಕಾಡದು, ಅದರ ಹೊರೆಯೂ ಕುಸಿಯುತ್ತದಲ್ಲ. ಪ್ರತಿ ಸುತ್ತಿಗೂ ಇಂತಿಷ್ಟೇ ಗಾಳಿ ಎಂದು ತಳ್ಳುವ ರೂಟ್ಸ್ ಬ್ಲೋವರ್ ಹಾಗಲ್ಲ. ನಿಧಾನಕ್ಕೆ ತಿರುಗಿದರೂ ತಿರುಗಿಸಲು ಬೇಕಾದ ಬಲ ಅಷ್ಟೇ, ತಂಪು ಮಾತ್ರ ಕಡಿಮೆ. ಆದ್ದರಿಂದಲೇ ಸುರುಳಿಯೊಳಗೆ ಥರ್ಮಿಸ್ಟರ್ ಹುದುಗಿಸಿ, ಕಾದರೆ ಕರೆಂಟೇ ಕಡಿದುಹೋಗುವಂತೆ ಮಾಡುವುದು. ಬರೀ ಅಲಾರಂ ಸಾಲದು. ರಾತ್ರಿ ಶಿಫ್ಟಿನಲ್ಲಿ ಅಲಾರಂ ಒತ್ತಿ ಸುಮ್ಮನಾಗಿಸಲು ಒಂದು ಬೆರಳು ಸಾಕು.

ಬೇರಿಂಗಿನದು ಇನ್ನೊಂದು ಗುಟ್ಟು. ಡ್ರೈವಿನ ದೆಸೆಯಿಂದ ಶಾಫ್ಟಿನಲ್ಲಿ ವೋಲ್ಟೇಜು ಕೂಡಿಕೊಂಡು, ಬೇರಿಂಗಿನ ಗುಂಡುಗಳ ಮೂಲಕ ಸಣ್ಣ ಕಿಡಿಗಳಾಗಿ ಹರಿಯುತ್ತದೆ. ಅದಕ್ಕೇ ಇನ್ಸುಲೇಟೆಡ್ ಬೇರಿಂಗ್, ಶೀಲ್ಡ್ ಇರುವ ಕೇಬಲ್, ಸರಿಯಾದ ಗ್ಲ್ಯಾಂಡ್, ಗಟ್ಟಿ ಅರ್ತಿಂಗ್. ಡ್ರೈವನ್ನಂತೂ ಅಪಾಯದ ವಲಯದ ಹೊರಗೆ, ಪ್ಯಾನೆಲ್ ರೂಮಿನಲ್ಲೇ ಇಡುವುದು ವಾಡಿಕೆ.

"ಸ್ವಲ್ಪ ಏರಿಸಿ ನೋಡುವ" ಎಂಬ ಮಾತಂತೂ ಇಲ್ಲಿ ಬೇಡವೇ ಬೇಡ. 50ರಿಂದ 60 ಹರ್ಟ್ಸ್‌ಗೆ ಏರಿಸಿದರೆ ಶಕ್ತಿ 1.73 ಪಟ್ಟು ಬೇಕು, ಇಂಪೆಲ್ಲರನ್ನು ಹೊರಕ್ಕೆ ಎಳೆಯುವ ಬಲ 1.44 ಪಟ್ಟು. ಬಾಗಿದ ಇಂಪೆಲ್ಲರ್ ಕವಚಕ್ಕೆ ಉಜ್ಜಿದರೆ ಕಿಡಿ. ತುಕ್ಕು ಹಿಡಿದ ಕಬ್ಬಿಣಕ್ಕೆ ಅಲ್ಯೂಮಿನಿಯಂ ತಗುಲಿದರೆ ಹಾರುವ ಕಿಡಿಗೆ ಬಿಸಿ ಇನ್ನೂ ಹೆಚ್ಚು. ಕರಾವಳಿಯಲ್ಲಿ ತುಕ್ಕಿಗೇನು ಬರ. ಅದಕ್ಕೇ ಉಜ್ಜಬಹುದಾದ ಕಡೆ ಹಿತ್ತಾಳೆಯ ಪಟ್ಟಿ ಕೂರಿಸುತ್ತಾರೆ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಕರೆಂಟು ಕಣ್ಣು ಮಿಟುಕಿಸುವ ಊರಿದು. ಹೋದ ಕರೆಂಟು ಬಂದೊಡನೆ ತಾನಾಗಿ ಶುರುವಾಗುವ ಸೌಲಭ್ಯ ಡ್ರೈವುಗಳಲ್ಲಿದೆ. ಅನಿಲದ ಜಾಗದಲ್ಲಿ ಅದನ್ನು ಹಾಗೇ ಬಿಡುವುದು ಸಲ್ಲ. ಬ್ಲೋವರ್ ನಿಂತಿದ್ದಾಗ ಅನಿಲ ಕೂಡಿರಬಹುದು. ಡಿಟೆಕ್ಟರ್ ನೋಡಿ, ಸಾಕಷ್ಟು ಹೊತ್ತು ಗಾಳಿ ಹಾಯಿಸಿ, ಆಮೇಲೆ ಉಳಿದ ಯಂತ್ರಗಳಿಗೆ ಕರೆಂಟು ಕೊಡುವುದು ಕ್ರಮ.

ಹಳೆಯ ಎಫ್‌ಎಲ್‌ಪಿ ಮೋಟರಿಗೆ ಹೊಸ ಡ್ರೈವ್ ಕೂರಿಸುವ ಯೋಚನೆ ನಿಮ್ಮ ಘಟಕದಲ್ಲಿದ್ದರೆ, ಮೊದಲು ಮೋಟರಿನ ಪ್ರಮಾಣಪತ್ರ ತೆಗೆದು ಓದಿ. ನೇರ 50 ಹರ್ಟ್ಸ್‌ಗೆಂದು ಪರೀಕ್ಷೆಯಾದ ಮೋಟರು ಡ್ರೈವಿಗೂ ಆಗುತ್ತದೆ ಎಂದು ಊಹಿಸಿಕೊಳ್ಳಬೇಡಿ. ಯಾವ ಆವರ್ತನದಿಂದ ಯಾವ ಆವರ್ತನದವರೆಗೆ, ಯಾವ ಹೊರೆಯಲ್ಲಿ ಓಡಿಸಬಹುದು ಎಂದು ತಯಾರಕರಿಂದ ಬರಹದಲ್ಲಿ ಪಡೆಯಿರಿ. ಆಮೇಲೆ ಡ್ರೈವಿಗೆ ಆರ್ಡರ್ ಕೊಡಿ.