ಕೋನಾ ಕಡಲಿನ ದೀಪಗಳು

ಶಾಂತಸಾಗರದ ನಡುವಣ ಹವಾಯಿ ದ್ವೀಪಸಮೂಹದಲ್ಲಿ ಅದೇ ಹೆಸರಿನ ದ್ವೀಪವು ಎಲ್ಲಕ್ಕಿಂತಲೂ ದೊಡ್ಡದು. ಅದರ ಪಡುವಣ ತೀರಕ್ಕೆ ಕೋನಾ ಎನ್ನುವರು. ಮೂಡಣದಿಂದ ಬೀಸುವ ಗಾಳಿಯನ್ನು 13,600 ಅಡಿಗೂ ಮೀರಿದ ಮೌನಲೋವಾ ಮೊದಲಾದ ಅಗ್ನಿಪರ್ವತಗಳು ತಡೆಯುವುದರಿಂದ, ಇಲ್ಲಿಯ ಕಡಲು ಬಹುಮಟ್ಟಿಗೆ ಶಾಂತವಾಗಿರುವುದು. ದಡವೆಲ್ಲವೂ ಕರಿಯ ಲಾವಾಶಿಲೆ. ಹಗಲಿನಲ್ಲಿ ನೋಡತಕ್ಕ ಸ್ಥಳಗಳು ಅನೇಕ ಉಂಟು. ಆದರೆ ಕೋನಾದ ವಿಶೇಷವು ಸೂರ್ಯಾಸ್ತವಾದ ಮೇಲೆ, ಅದೂ ನೀರಿನೊಳಗೆ, ತೋರುವಂಥದು.

1970ರ ದಶಕದಲ್ಲಿ ಕೇಆಹೌ ಕೊಲ್ಲಿಯ ದಡದಲ್ಲಿದ್ದ ಒಂದು ಹೋಟೆಲಿನವರು ಅಲೆಗಳ ಶೋಭೆ ಕಾಣಲೆಂದು ಸಮುದ್ರದ ಕಡೆಗೆ ದೊಡ್ಡ ದೀಪಗಳನ್ನು ಹಚ್ಚಿದರಂತೆ. ಬೆಳಕಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜಲಜೀವಿಗಳು ಮುತ್ತಿದವು. ಅವುಗಳನ್ನು ತಿನ್ನಲು ಮಾಂಟಾ ಎಂಬ ತೊರಕೆ ಜಾತಿಯ ಮಹಾಮತ್ಸ್ಯಗಳು ಬಂದವು. ರೆಕ್ಕೆಯಿಂದ ರೆಕ್ಕೆಗೆ 10–12 ಅಡಿ ಅಗಲವಿರುವ ಈ ಪ್ರಾಣಿಗೆ ವಿಷದ ಮುಳ್ಳಿಲ್ಲ, ಇದು ಸಾಧುಪ್ರಾಣಿ. ಸ್ಥಳೀಕರು ಇದನ್ನು ಹಾಹಾಲುವಾ ಎನ್ನುವರು. ಇವುಗಳನ್ನು ಕೊಲ್ಲುವುದನ್ನೂ ಹಿಡಿಯುವುದನ್ನೂ ಹವಾಯಿ ಸಂಸ್ಥಾನದವರು 2009ರಲ್ಲಿ ಕಾನೂನಿನಿಂದ ನಿಷೇಧಿಸಿರುವರು. ಅಮರಸಿಂಹನು ಸಮುದ್ರಕ್ಕೆ ಹೇಳಿದ ಹೆಸರುಗಳಲ್ಲಿ ಯಾದಃಪತಿ, ಎಂದರೆ ಜಲಚರಗಳ ಒಡೆಯ, ಎಂಬುದೂ ಒಂದು. ಆ ಹೆಸರಿನ ಅರ್ಥವು ನಮಗೆ ಚೆನ್ನಾಗಿ ಮನದಟ್ಟಾದುದು ಇಲ್ಲಿಯೇ.

ಸಂಜೆ ನಾವು ಹೋದ ಸ್ಥಳವು ವಿಮಾನನಿಲ್ದಾಣದ ಸಮೀಪದ ಕೊಲ್ಲಿ. ನೀರಿನ ಆಳ ಸುಮಾರು 35 ಅಡಿ. ನಮ್ಮ ಮಗನೂ ಸೊಸೆಯೂ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುವವರು. ನಾವು ದೋಣಿಯಲ್ಲಿಯೇ ಕುಳಿತು ನೋಡತಕ್ಕವರು. ಫ್ರಾನ್ಸ್ ದೇಶದ ಕುಸ್ತೋ ಮತ್ತು ಗಾನ್ಯಾ ಎಂಬವರು 1943ರಲ್ಲಿ ಸಿದ್ಧಪಡಿಸಿದ ಉಪಕರಣದಿಂದ ಬೆಳೆದುಬಂದ ಈ ವಿದ್ಯೆಗೆ ಸ್ಕೂಬಾ ಎಂದು ಹೆಸರು. ಹಗಲಿನಲ್ಲಿ ಜೊತೆಗಾರನು ಕಣ್ಣಿಗೆ ಕಾಣುವನು. ರಾತ್ರಿಯಲ್ಲಿ ಕಾಣುವುದು ಅವನ ದೀಪವೊಂದೇ. ಆದಕಾರಣ ದೀಪದ ಆಯ್ಕೆಯು ಅಲಂಕಾರದ ಮಾತಲ್ಲ, ಪ್ರಾಣದ ಮಾತು.

ಪ್ರತಿಯೊಬ್ಬರಲ್ಲಿಯೂ ಮೂರು ಬೆಳಕುಗಳಿರತಕ್ಕದ್ದು. ಮೊದಲನೆಯದು ಕೈಯಲ್ಲಿ ಹಿಡಿಯುವ ಮುಖ್ಯ ಟಾರ್ಚು. ಅದು ಜಾರದಂತೆ ಮಣಿಕಟ್ಟಿಗೆ ಹುರಿ ಬೇಕು. ಅಗಲವಾಗಿ ಹರಡುವ ಬೆಳಕು ಸುತ್ತಲೂ ನೋಡುವುದಕ್ಕೆ ಒಳ್ಳೆಯದು. ಆದರೆ ನೀರು ಕದಡಿದ್ದರೆ ತೇಲುವ ಕಣಗಳೇ ಹೊಳೆದು, ಮಂಜಿನಲ್ಲಿ ಮೋಟಾರಿನ ದೀಪದಂತೆ, ಎದುರಿನದೇನೂ ಕಾಣದು. ಆಗಲೂ, ಸನ್ನೆ ಮಾಡುವಾಗಲೂ ಕಿರಿದಾದ ಕಿರಣವೇ ಮೇಲು. ಎರಡನೆಯದು ಜೇಬಿನಲ್ಲಿರುವ ಸಣ್ಣ ಟಾರ್ಚು. ಮೊದಲನೆಯದು ಆರಿದರೆ ಮೇಲಕ್ಕೆ ಬರಲು ಇದೇ ಆಸರೆ. ಮೂರನೆಯದು ಸಿಲಿಂಡರಿನ ಮೇಲ್ತುದಿಗೆ ಕಟ್ಟುವ ಗುರುತುದೀಪ. ಟಾರ್ಚು ಮುಂದಕ್ಕೆ ಬೆಳಗುವುದು. ಗುರುತುದೀಪವು ಹಿಂದಿರುವವನಿಗೆ, ಮೇಲಿರುವವನಿಗೆ, ಇಂಥವನು ಇಲ್ಲಿದ್ದಾನೆ ಎಂದು ಹೇಳುವುದು.

ಗುರುತುದೀಪದಲ್ಲಿ ಎರಡು ವಿಧ. ಒಂದು, ಬಗ್ಗಿಸಿದರೆ ಒಳಗಿನ ಗಾಜಿನ ನಳಿಗೆ ಒಡೆದು, ಎರಡು ದ್ರವಗಳು ಬೆರೆತು, ಶಾಖವಿಲ್ಲದೆ ಕೆಲವು ಗಂಟೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ. ಇದು ಅಗ್ಗ; ಆದರೆ ಒಂದೇ ರಾತ್ರಿಗೆ ಮುಗಿದು ಕಸವಾಗುವುದು. ಇನ್ನೊಂದು ಬ್ಯಾಟರಿಯದು, ಬೆಲೆ ಹೆಚ್ಚಾದರೂ ಬಹುಕಾಲ ಬರುವುದರಿಂದ ಗೃಹಸ್ಥನ ಲೆಕ್ಕಕ್ಕೆ ಇದೇ ಲಾಭ. ಬಣ್ಣದಲ್ಲಿಯೂ ವಿವೇಕ ಬೇಕು. ನೀರು ಕೆಂಪನ್ನು ಬೇಗ ನುಂಗುವುದು. ಹಸಿರು ನೀಲಿಗಳು ಹೆಚ್ಚು ದೂರ ಸಾಗುವುವು. ಮಿಣುಕುವ ದೀಪವನ್ನು ದೋಣಿಯ ಹಗ್ಗಕ್ಕೂ ಅಪಾಯಕಾಲಕ್ಕೂ ಮೀಸಲಿಡುವುದು ಲೇಸು. ಎಲ್ಲರೂ ಮಿಣುಕಿಸಿದರೆ ಆಪತ್ತಿನ ಕರೆ ಯಾರದೆಂದು ತಿಳಿಯದು. ಟಾರ್ಚನ್ನು ನಿಧಾನವಾಗಿ ವೃತ್ತಾಕಾರದಲ್ಲಿ ತಿರುಗಿಸಿದರೆ ಕ್ಷೇಮವೆಂದೂ, ಅಡ್ಡಡ್ಡಲಾಗಿ ಬೇಗ ಬೇಗ ಬೀಸಿದರೆ ತೊಂದರೆಯೆಂದೂ ಸಂಕೇತ. ಎದುರಿಗಿರುವವನ ಕಣ್ಣಿಗೆ ಬೆಳಕು ಬಿಡಕೂಡದು.

ಆ ಸಂಜೆ ಅಲ್ಲಿ ಹಲವು ದೋಣಿಗಳಿದ್ದುವು. ಸಮುದ್ರದ ತಳದಲ್ಲಿ ದೀಪಗಳನ್ನು ಮೇಲ್ಮುಖವಾಗಿ ಇಟ್ಟು, ಮುಳುಗಿದವರೆಲ್ಲರೂ ಶಿಬಿರಾಗ್ನಿಯ ಸುತ್ತ ಕೂತಂತೆ ಕೂತರು. ಮಾಂಟಾಗಳು ಬಾಯಿ ತೆರೆದು, ಬೆಳಕಿನ ಮೇಲೆ ಲಾಗ ಹಾಕುತ್ತ ಬಂದುವು. ಅವುಗಳ ಚರ್ಮದ ಮೇಲಿನ ಲೋಳೆಯು ರಕ್ಷೆಯಾದುದರಿಂದ ಯಾರೂ ಮುಟ್ಟತಕ್ಕದ್ದಲ್ಲ. ಮೇಲಿನಿಂದ ನಮಗೆ ಕಂಡದ್ದು ಬೆಳಕಿನ ಹೊಂಡವೂ ಅದನ್ನು ದಾಟುವ ಕರಿಯ ನೆರಳುಗಳೂ.

ಎಲ್ಲರೂ ಹಿಂದಿರುಗುವಾಗ ದೋಣಿಗೆ ಸ್ವಲ್ಪ ದೂರದಲ್ಲಿ ಜೋಡಿಯಾಗಿ ಬರುತ್ತಿದ್ದ ಎರಡು ಕಿರಣಗಳಲ್ಲಿ ಒಂದು ಥಟ್ಟನೆ ಆರಿತು. ಮಗನ ಗುರುತು ಹಸಿರು, ಸೊಸೆಯದು ನೀಲಿ. ಆರಿದ್ದು ಅವಳ ಟಾರ್ಚು. ನಮ್ಮ ಎದೆ ಡವಗುಟ್ಟಿತು. ಆದರೆ ನೀಲಿಯ ಚುಕ್ಕಿ ಆರಲಿಲ್ಲ. ಹಸಿರು ಚುಕ್ಕಿಯು ತಿರುಗಿ ಅದರ ಪಕ್ಕಕ್ಕೆ ಬಂದು ನಿಂತಿತು. ಕ್ಷಣಮಾತ್ರದಲ್ಲಿ ಸಣ್ಣದೊಂದು ಹೊಸ ಕಿರಣ ಹೊತ್ತಿ ನಿಧಾನವಾಗಿ ವೃತ್ತ ಬರೆಯಿತು. ದೋಣಿ ಹತ್ತಿದ ಸೊಸೆ, “ಮಾವ, ಹೆದರಿದಿರಾ? ಇವರು ನನ್ನ ಬೆನ್ನ ಮೇಲಿನ ದೀಪ ನೋಡಿಯೇ ಬಂದರು” ಎಂದಳು.

ಇಂಥ ಪ್ರಯಾಣಕ್ಕೆ ಮಕ್ಕಳು ಹೊರಟರೆ ಹಿರಿಯರು ಬೇಡವೆನ್ನುವುದರ ಬದಲು ಕೆಲವು ಪ್ರಶ್ನೆಗಳನ್ನು ಕೇಳಲಿ. ಬ್ಯಾಟರಿ ತುಂಬಿದೆಯೇ? ನೀರು ತಡೆಯುವ ರಬ್ಬರಿನ ಉಂಗುರದಲ್ಲಿ ಮರಳು ಕೂದಲು ಇಲ್ಲವಷ್ಟೆ? ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಇಟ್ಟಿರುವಿರಾ? ಎರಡನೆಯ ಟಾರ್ಚು ಎಲ್ಲಿ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಡುವವರನ್ನು ಸಂತೋಷದಿಂದ ಕಳುಹಿಸಿಕೊಡಬಹುದು.