ಯಾವ ಕನ್ನಡ ನನ್ನದು?

ಗುಳೇದಗುಡ್ಡವನ್ನು ಬಲ್ಲವರು ಅದನ್ನು ಖಣದ ಊರೆಂದೇ ಬಲ್ಲರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುವವರ ಓಣಿಯಲ್ಲಿ ನಾನು ಮಾತು ಕಲಿತೆನು. ಅಲ್ಲಿ ‘ಮಾಡುತ್ತಿದ್ದೇನೆ’ ಎಂಬುದು ‘ಮಾಡಾಕತ್ತೀನಿ’. ‘ನಿಜ’ ಎಂಬುದು ‘ಖರೆ’. 1956ರ ಏಕೀಕರಣದವರೆಗೆ ಮುಂಬಯಿಯ ಆಡಳಿತದಲ್ಲಿದ್ದ ಸೀಮೆಯಾದುದರಿಂದ ಮರಾಠಿಯ ಛಾಯೆಯೂ ನಮ್ಮ ನುಡಿಯ ಮೇಲೆ ಧಾರಾಳವಾಗಿ ಬಿದ್ದಿದೆ.

ಉದ್ಯೋಗ ನಿಮಿತ್ತವಾಗಿ ಮೈಸೂರಿಗೆ ಬಂದ ಮೇಲೆ ನನ್ನ ಮಾತು ಕೇಳಿದವರು ನಕ್ಕರು. ಆ ನಗೆಯಲ್ಲಿ ದ್ವೇಷವಿರಲಿಲ್ಲ. ಆದರೂ ಕ್ರಮೇಣ ನನ್ನ ಮಾತು ಬದಲಾಯಿತು, ಬರವಣಿಗೆಯೂ ಬದಲಾಯಿತು. ನಮ್ಮ ಓಣಿಯ ನೇಕಾರರನ್ನು ಕುರಿತ ಲೇಖನವೊಂದು ಅಚ್ಚಾದಾಗ ಅದನ್ನು ಅವ್ವನಿಗೆ ಓದಿ ಹೇಳಿದೆನು. ಆಕೆ ಪೂರ್ತಿ ಕೇಳಿ, “ಚೊಲೋ ಐತಪಾ; ಆದ್ರ ಇದರಾಗ ಮಾತಾಡಾವ್ರು ಯಾರು?” ಎಂದಳು. ಆ ವೇಳೆಗೆ ಬಾಲ್ಯದ ಗೆಳೆಯರೂ ನನ್ನನ್ನು ‘ನೀವು’ ಎಂದು ಕರೆಯತೊಡಗಿದ್ದರು. ಮೈಸೂರಿಗೆ ನಾನು ಆ ಕಡೆಯವನು. ಊರಿಗೆ ಈ ಕಡೆಯವನು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸುತ್ತದೆ. ಕಿಸುವೊಳಲೆಂದರೆ ನಮ್ಮ ನೆರೆಯ ಪಟ್ಟದಕಲ್ಲು. ಇದನ್ನು ಓದಿದಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಆದರೆ ಅದು ಬಹಳ ಕಾಲ ನಿಲ್ಲಲಿಲ್ಲ. ಅಂದಿನ ತಿರುಳು ಇಂದಿನ ಅಂಚಾಗಿದ್ದರೆ, ತಿರುಳು ಎಂಬುದು ಅಧಿಕಾರದೊಡನೆ ಊರಿಂದೂರಿಗೆ ಸರಿಯುವ ವಸ್ತುವೇ ಸರಿ. ಅದೇ ಗ್ರಂಥವು ‘ಕನ್ನಡಗಳು’ ಎಂದು ಬಹುವಚನದಲ್ಲಿಯೂ ನುಡಿಯುತ್ತದೆ. ದೇಸಿಗಳು ಬೇರೆ ಬೇರೆಯಾದುದರಿಂದ ಅವುಗಳ ದೋಷವನ್ನು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನೆನ್ನುತ್ತದೆ. ನನಗೆ ಸಮಾಧಾನ ದೊರೆತುದು ಈ ಎರಡನೆಯ ಮಾತಿನಲ್ಲಿ.

ನಮ್ಮ ಸೀಮೆಯ ಹಿರಿಯರೂ ಒಂದೇ ದಾರಿ ಹಿಡಿದವರಲ್ಲ. ಐಹೊಳೆಯ ಮೇಗುಟಿ ಜಿನಾಲಯದ ಶಾಸನವನ್ನು ರವಿಕೀರ್ತಿಯು 634ರಲ್ಲಿ ಸಂಸ್ಕೃತದಲ್ಲಿ ರಚಿಸಿ, ಕೀರ್ತಿಯಲ್ಲಿ ತಾನು ಕಾಳಿದಾಸ ಭಾರವಿಗಳಿಗೆ ಸಮನೆಂದುಕೊಂಡನು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಗುಣಗಳು ಕನ್ನಡ ತ್ರಿಪದಿಗಳಲ್ಲಿ ಉಳಿದುವು. ಮುಧೋಳದ ಬಳೆಗಾರ ಕುಲದ ರನ್ನನು ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೂ ಹೋದನು, ‘ಕವಿಚಕ್ರವರ್ತಿ’ಯೆನಿಸಿದನು. ಆದರೂ ತನ್ನ ಕುಲವನ್ನು ಮರೆಮಾಚದೆ 993ರ ಅಜಿತಪುರಾಣದಲ್ಲಿ ಹೇಳಿಕೊಂಡನು. ದೂರ ಹೋದವನು ಊರನ್ನು ಕಳೆದುಕೊಳ್ಳಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಅವನೇ ಸಾಕ್ಷಿ.

ನಮ್ಮ ಆಚಾರ್ಯರು ಹೇಳಿದ ಐದು ಸಮಿತಿಗಳಲ್ಲಿ ಭಾಷಾಸಮಿತಿಯೂ ಒಂದು. ಅದು ಮುನಿಗಳಿಗೆ ವಿಧಿಸಿದ ನಿಯಮವಾದರೂ ಲೇಖಕನಿಗೆ ದಾರಿ ತೋರಬಲ್ಲುದು. ಮಾತು ಹಿತವೇ, ಮಿತವೇ, ನೋಯಿಸದೆ ನಿಜವನ್ನು ಹೇಳುತ್ತದೆಯೇ ಎಂದು ಅದು ಕೇಳುತ್ತದೆ. ಯಾವ ಜಿಲ್ಲೆಯದೆಂದು ಕೇಳುವುದಿಲ್ಲ. ಈ ಒರೆಗಲ್ಲಿಗೆ ಹಚ್ಚಿದರೆ, ನೇಕಾರನ ಬಾಯಲ್ಲಿ ಅವನಾಡದ ಮಾತನ್ನಿಡುವುದು ಎಷ್ಟೇ ಶುದ್ಧವಾದ ಕನ್ನಡವಾದರೂ ಸತ್ಯಕ್ಕೆ ದೂರ. ಹಾಗೆಯೇ ನಲವತ್ತು ವರ್ಷ ಓದಿ ಬರೆದು ಪಡೆದ ಗ್ರಾಂಥಿಕ ಭಾಷೆಯನ್ನು ಪರಕೀಯವೆಂದು ಬಿಸುಡುವುದೂ ನಟನೆಯೇ.

ಆದುದರಿಂದ ಈಗ ಅವರವರ ಮಾತನ್ನು ಅವರವರ ರೂಪದಲ್ಲಿಯೇ ಬರೆಯುತ್ತೇನೆ. ನನ್ನ ವಿವೇಚನೆಯನ್ನು ಈ ಗ್ರಾಂಥಿಕದಲ್ಲಿ ಬರೆಯುತ್ತೇನೆ. ಎರಡೂ ಪೂರ್ತಿಯಾಗಿ ಹೊಂದುವುದಿಲ್ಲವೆಂಬುದನ್ನು ಬಲ್ಲೆನು. ಆ ಹೊಂದದಿರುವಿಕೆಯನ್ನು ಮುಚ್ಚದೆ ಬಿಡುವುದೇ ನನಗೆ ತಿಳಿದ ಪ್ರಾಮಾಣಿಕತೆ.