ಸುರಪುರದ ಇಳಿಜಾರಿನಲ್ಲಿ ಕಲಿತ ಪಾಠ

ನೀವು ಎಂದಾದರೂ ಯಾದಗಿರಿಗೆ ಬಂದರೆ ರಾಮಸಮುದ್ರಕ್ಕೂ ಬನ್ನಿ. ಹೆಸರಿನಲ್ಲಿ ಸಮುದ್ರವಿದ್ದರೂ ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಹಿಂದಿನವರು ದೊಡ್ಡ ಕೆರೆಯನ್ನೂ ಸಮುದ್ರವೆಂದೇ ಕರೆಯುತ್ತಿದ್ದರು. ನಮ್ಮ ರಾಜ್ಯದಲ್ಲಿ ಇಂತಹ ಹೆಸರಿನ ಊರುಗಳು ಬೇಕಾದಷ್ಟಿವೆ. ಬರುವುದಾದರೆ ಚಳಿಗಾಲದಲ್ಲಿ ಬನ್ನಿ. ಆಗ ಎರೆಹೊಲಗಳಲ್ಲಿ ತೊಗರಿ ಕೊಯ್ಲಿಗೆ ಬಂದಿರುತ್ತದೆ, ಹತ್ತಿ ಬಿರಿದು ಬೆಳ್ಳಗೆ ಕಾಣುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಮಾತ್ರ ಹೊರಗಿನವರು ತಡೆಯಲಾರರು.

ನನ್ನ ಅಕ್ಕನನ್ನು ಕೊಟ್ಟಿರುವುದು ಈ ಊರಿಗೆ. ನಾವು ಆಕೆಯನ್ನು ಆಪಾ ಎನ್ನುತ್ತೇವೆ. ಹೋದ ಚಳಿಗಾಲದ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಭಾವ, "ಎಷ್ಟು ಸಲ ಬಂದರೂ ಅಡುಗೆಮನೆ ಬಿಟ್ಟು ಏನೂ ನೋಡಿಲ್ಲ. ನಾಳೆ ಗೋಗಿ, ಸುರಪುರ ತೋರಿಸುತ್ತೇನೆ" ಎಂದರು. ಅವರ ಬಳಿ ಮೂರು ವರ್ಷದ ಹಿಂದೆ ಕೊಂಡ ಹಳೆಯ ಕಾರಿದೆ. ಆಪಾ ರಾತ್ರಿಯೇ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಟ್ಟಳು. ಫಜ್ರ್ ನಮಾಝ್ ಮುಗಿಸಿ, ಪ್ರಯಾಣದ ದುಆ ಓದಿ ಹೊರಟೆವು. ಕಾರಿನೊಳಗೆ ಭಾವ, ಆಪಾ, ಅವರ ಹತ್ತು ವರ್ಷದ ಮಗಳು ಮತ್ತು ನಾನು.

ಸಹೋದರಿಯರೇ, ಆ ದಿನ ನಾವು ನೋಡಿದ ಸ್ಥಳಗಳ ಬಗ್ಗೆ ಹೇಳುತ್ತೇನೆ. ಆದರೆ ಈ ಲೇಖನ ಬರೆಯಲು ಕಾರಣ ಆ ಸ್ಥಳಗಳಲ್ಲ, ಆ ಕಾರಿನೊಳಗಿನ ಒಂದು ಕೆಂಪು ದೀಪ.

ಯಾದಗಿರಿ 2009ರ ಕೊನೆಯಲ್ಲಿ ಗುಲ್ಬರ್ಗದಿಂದ ಬೇರೆಯಾಗಿ ರಾಜ್ಯದ 30ನೆಯ ಜಿಲ್ಲೆಯಾಯಿತು. ಊರಿನ ನೆತ್ತಿಯ ಮೇಲೆ ಬಂಡೆಗಳ ಗುಡ್ಡ, ಗುಡ್ಡದ ಮೇಲೆ ಹಳೆಯ ಕೋಟೆ. ಪಟ್ಟಣ ದಾಟಿ ಶಹಾಪುರದ ದಾರಿ ಹಿಡಿದರೆ ಭೀಮಾ ನದಿಯ ಸೇತುವೆ ಬರುತ್ತದೆ. ಎದುರಿನಿಂದ ಹತ್ತಿ ತುಂಬಿದ ಲಾರಿಯೊಂದು ಬಂದಾಗ ಭಾವ ಬ್ರೇಕ್ ಒತ್ತಿದರು. ಹಿಂದಿನ ಸೀಟಿನಿಂದ ಇಣುಕುತ್ತಿದ್ದ ಮಗಳು, "ಅಬ್ಬಾ, ಕೆಂಪು ದೀಪ ಹತ್ತಿತು" ಎಂದಳು.

ಸ್ಟಿಯರಿಂಗ್ ಹಿಂದೆ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ದೀಪ ಅದು. ಭಾವ ಹ್ಯಾಂಡ್‌ಬ್ರೇಕನ್ನು ಒಮ್ಮೆ ಎಳೆದು ಬಿಟ್ಟರು. ದೀಪ ಆರಿತು. "ಹ್ಯಾಂಡ್‌ಬ್ರೇಕ್ ಸ್ವಲ್ಪ ಎದ್ದಿತ್ತು ಕಣಮ್ಮಾ" ಎಂದರು. ನನಗೇಕೋ ಸಮಾಧಾನವಾಗಲಿಲ್ಲ. ಆದರೆ ಗಾಡಿ ಓಡಿಸಲು ಬಾರದ ನಾನು ಏನು ಹೇಳಲಿ ಎಂದು ಸುಮ್ಮನಾದೆ. ಆಪಾ ಕೂಡಾ ಸುಮ್ಮನಿದ್ದಳು. ಆ ದೀಪ ಹದಿನೈದು ದಿನಗಳಿಂದ ಆಗಾಗ ಮಿನುಗುತ್ತಿದ್ದುದನ್ನು ತಾನೂ ನೋಡಿದ್ದೆ ಎಂದು ಅವಳು ಹೇಳಿದ್ದು ಆಮೇಲೆ.

ಶಹಾಪುರ ಹತ್ತಿರವಾದಂತೆ ಗುಡ್ಡಗಳ ಸಾಲು ಅಂಗಾತ ಮಲಗಿದ ಮನುಷ್ಯನಂತೆ ತೋರುತ್ತದೆ. ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟ. ಜನರು ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಈ ಭಾಗಕ್ಕೆ ನಾರಾಯಣಪುರ ಎಡದಂಡೆ ಕಾಲುವೆಯಿಂದ ಕೃಷ್ಣೆಯ ನೀರು ಬರುವುದರಿಂದ ಒಣ ಸೀಮೆಯ ನಡುವೆ ಭತ್ತದ ಗದ್ದೆಗಳೂ ಸಿಗುತ್ತವೆ.

ಶಹಾಪುರ ತಾಲೂಕಿನ ಗೋಗಿ ಸಣ್ಣ ಊರು. ಆದರೆ ಬಿಜಾಪುರದ ಚರಿತ್ರೆ ಓದಿದವರಿಗೆ ಅದು ದೊಡ್ಡ ಹೆಸರು. ಸೂಫಿ ಸಂತ ಚಂದಾ ಹುಸೈನಿಯವರು ಇಲ್ಲಿ ನೆಲೆಸಿದ್ದರು. 15ನೆಯ ಶತಮಾನದ ಕೊನೆಯಲ್ಲಿ ಆದಿಲ್‌ಶಾಹಿ ರಾಜ್ಯವನ್ನು ಕಟ್ಟಿ 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಶಾಹನನ್ನು ದಫನ ಮಾಡಿದ್ದು ರಾಜಧಾನಿಯಲ್ಲಲ್ಲ, ಇಲ್ಲಿ, ಈ ಗುರುಗಳ ಸಮೀಪ. ಮಗ ಇಸ್ಮಾಯಿಲ್ ಮತ್ತು ಮೊಮ್ಮಗ ಇಬ್ರಾಹೀಮರ ಸಮಾಧಿಗಳೂ ಇಲ್ಲಿವೆ. ಗೋಲ್ ಗುಂಬಜಿನ ವೈಭವ ನೋಡಿದ ಕಣ್ಣಿಗೆ ಈ ಗೋರಿಗಳು ಬಹಳ ಸರಳ. ನಾವು ಸಲಾಮ್ ಹೇಳಿ, ಅಗಲಿದವರಿಗಾಗಿ ದುಆ ಮಾಡಿ, ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಅರಸನ ಪ್ರಯಾಣವೂ ಇಷ್ಟಗಲದ ಮಣ್ಣಿನಲ್ಲಿ ಮುಗಿಯಿತಲ್ಲ ಎಂದು ಆಪಾ ಹೇಳಿದಳು. ನಮ್ಮ ಪ್ರಯಾಣವೂ ಅದೇ ದಿನ ಮುಗಿಯಬಹುದಿತ್ತು ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ಝುಹರ್ ಮುಗಿಸಿ ಸುರಪುರಕ್ಕೆ ಹೊರಟೆವು. ಸುತ್ತ ಗುಡ್ಡಗಳು, ನಡುವೆ ಊರು. ಬೇಡ ನಾಯಕರ ಸಂಸ್ಥಾನವಾಗಿದ್ದ ಊರಿದು. ಪಕ್ಕದ ವಾಗಿನಗೇರಾ ಕೋಟೆಗೆ 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಮುತ್ತಿಗೆ ಹಾಕಿದ್ದ. ಅವನ ಆಯುಷ್ಯದ ಕೊನೆಯ ಮುತ್ತಿಗೆ ಅದು. 1840ರ ದಶಕದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಅವನು ನೋಡಿಕೊಂಡ ಎಳೆಯ ದೊರೆ ರಾಜಾ ವೆಂಕಟಪ್ಪ ನಾಯಕ ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಅದೇ ವರ್ಷ ಪ್ರಾಣ ಕಳೆದುಕೊಂಡ. ಬಂಗಲೆ ನೋಡಿ, ಮೇಲಿನಿಂದ ಊರು ನೋಡಿ, ಕೆಳಗೆ ಹೊರಟೆವು.

ಇಳಿಜಾರಿನಲ್ಲಿ ದೀಪ ಮತ್ತೆ ಹತ್ತಿತು. ಈ ಸಲ ಆರಲಿಲ್ಲ. ಭಾವ ಬ್ರೇಕ್ ಒತ್ತಿದರು. ಪೆಡಲ್ ಮೆತ್ತಗೆ ಕೆಳಗಿನವರೆಗೂ ಇಳಿಯಿತು, ಕಾರು ನಿಲ್ಲಲಿಲ್ಲ. ಮುಂದೆ ತಿರುವಿನಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ನಾಲ್ಕೈದು ಮಕ್ಕಳು. ಆಪಾ "ಯಾ ಅಲ್ಲಾಹ್" ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಭಾವ ಪೆಡಲನ್ನು ಬಿಟ್ಟು ಬಿಟ್ಟು ಒತ್ತಿದರು, ಗೇರನ್ನು ಎರಡಕ್ಕೆ, ಒಂದಕ್ಕೆ ಇಳಿಸಿದರು, ಹ್ಯಾಂಡ್‌ಬ್ರೇಕನ್ನು ಮೆಲ್ಲಮೆಲ್ಲಗೆ ಎಳೆದರು. ಕಾರು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. ಮಕ್ಕಳು ನಮ್ಮಿಂದ ಹತ್ತು ಹೆಜ್ಜೆ ಆಚೆ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಮಕ್ಕಳು ನಮ್ಮನ್ನು ನೋಡಿ ನಕ್ಕು ಮುಂದೆ ಹೋದರು. ನಾನು ಮಾತ್ರ ಬಹಳ ಹೊತ್ತು ಕಾರಿನಿಂದ ಇಳಿಯಲಿಲ್ಲ. ಕಾಲಲ್ಲಿ ಬಲವಿರಲಿಲ್ಲ.

ಕೆಳಗಿನಿಂದ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತಿ ಟಾರ್ಚ್ ಹಾಕಿ, "ಬ್ರೇಕ್ ಆಯಿಲ್ ಯಾವಾಗ ಬದಲ್ ಮಾಡಿಸೀರ್ರಿ?" ಎಂದು ಕೇಳಿದ. ಭಾವ ಉತ್ತರಿಸಲಿಲ್ಲ. ಕೊಂಡ ದಿನದಿಂದ ಬದಲಿಸಿರಲಿಲ್ಲ, ಅದಕ್ಕೆ ಮೊದಲಿನದು ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಆಯಿಲ್ ಹಾಲು ಹಾಕದ ಚಹಾದಂತೆ ಕಪ್ಪಗಿತ್ತು. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿತ್ತು. ಅಲ್ಲಿನ ರಬ್ಬರ್ ಹಾಳಾಗಿ ದಿನವೂ ಹನಿಹನಿಯಾಗಿ ಸೋರಿತ್ತು. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ, ಡಬ್ಬಿಯೊಳಗಿನ ಆಯಿಲ್ ಒಂದು ಕಡೆ ಸರಿದು ದೀಪ ಹತ್ತುತ್ತಿತ್ತು, ಸಮನಾದಾಗ ಆರುತ್ತಿತ್ತು. ಹ್ಯಾಂಡ್‌ಬ್ರೇಕಿಗೂ ಇದಕ್ಕೂ ಒಂದೇ ದೀಪವಾದ್ದರಿಂದ ಭಾವ ಮೋಸ ಹೋಗಿದ್ದರು.

"ಹಾಗಾದರೆ ಎರಡನೇ ಸಲ ಒತ್ತಿದಾಗ ಸ್ವಲ್ಪ ಹಿಡಿದದ್ದು ಹೇಗೆ?" ಎಂದು ನಾನು ಕೇಳಿದೆ. "ಆಯಿಲ್‌ಗೆ ಎರಡು ದಾರಿ ಇರ್ತಾವ್ರೀ ಅಕ್ಕಾರ. ಒಂದು ಹೋದ್ರ ಇನ್ನೊಂದು ಎರಡು ಚಕ್ರ ಹಿಡೀತದ. ಅದೂ ಹೋಗಿದ್ರ ದೇವರೇ ಗತಿ" ಎಂದ.

ಹೊಸ ರಬ್ಬರ್ ಹಾಕಿ, ಹಳೆಯ ಆಯಿಲನ್ನು ಪೂರ್ತಿ ತೆಗೆದು ಹೊಸದು ತುಂಬಿದ. ಪೈಪಿನೊಳಗಿನ ಗಾಳಿ ಹೊರಹಾಕಲು ಇಬ್ಬರು ಬೇಕು. ಅವನ ಹುಡುಗ ಊಟಕ್ಕೆ ಹೋಗಿದ್ದ. ಭಾವ ಬಿಡಿಭಾಗದ ಅಂಗಡಿಗೆ ಇನ್ನೊಂದು ಬಾಟಲಿ ತರಲು ಹೋಗಿದ್ದರು. ಕೊನೆಗೆ ಡ್ರೈವರ್ ಸೀಟಿನಲ್ಲಿ ಕುಳಿತವಳು ನಾನು! "ಒತ್ರಿ... ಹಂಗೇ ಹಿಡೀರಿ... ಈಗ ಬಿಡ್ರಿ" ಎಂದು ಚಕ್ರದ ಬಳಿಯಿಂದ ಅವನು ಹೇಳಿದಂತೆ ಮಾಡಿದೆ. ಸಣ್ಣ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಬರುತ್ತಿದ್ದವಂತೆ. ಗುಳ್ಳೆ ನಿಂತಂತೆ ನನ್ನ ಕಾಲಡಿಯ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ನಮ್ಮ ಪ್ರಾಣ ಯಾವುದರ ಮೇಲೆ ನಿಂತಿತ್ತು ಎಂಬುದು ನನ್ನ ಕಾಲಿಗೇ ಅರ್ಥವಾಯಿತು.

ಅದನ್ನು ನಿಮಗೂ ಸರಳವಾಗಿ ಹೇಳುತ್ತೇನೆ. ನೀವು ಒತ್ತುವ ಪೆಡಲ್ ಚಕ್ರವನ್ನು ನೇರವಾಗಿ ಹಿಡಿಯುವುದಿಲ್ಲ. ಅದು ಈ ಆಯಿಲನ್ನು ಒತ್ತುತ್ತದೆ, ಆಯಿಲ್ ಸಣ್ಣ ಪೈಪುಗಳ ಮೂಲಕ ಆ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಒಯ್ಯುತ್ತದೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು, ಆದ್ದರಿಂದ ಒತ್ತಡ ಪೂರ್ತಿ ತಲುಪುತ್ತದೆ. ಗಾಳಿ ಅಥವಾ ಆವಿ ಸೇರಿದರೆ ಅದು ಕುಗ್ಗುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ.

ಈ ಆಯಿಲ್‌ಗೆ ಇನ್ನೊಂದು ಗುಣವಿದೆ. ಮುಚ್ಚಳ ತೆರೆದಿಟ್ಟ ಉಪ್ಪಿನಂತೆ ಇದು ಗಾಳಿಯ ತೇವವನ್ನು ಹೀರುತ್ತದೆ. ಸಮುದ್ರವಿಲ್ಲದ ನಮ್ಮ ರಾಮಸಮುದ್ರದಲ್ಲೂ ವರ್ಷಗಟ್ಟಲೆ ಬಿಟ್ಟರೆ ಅದರಲ್ಲಿ ನೀರು ಸೇರುತ್ತದೆ. ಹಾಗಿರುವಾಗ ಮಂಗಳೂರು, ಉಡುಪಿ, ಭಟ್ಕಳದ ಸಹೋದರಿಯರು ಹೆಚ್ಚು ಎಚ್ಚರ ವಹಿಸಬೇಕು. ಡಾಟ್ 3 ಎಂಬ ಬಗೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರುವ ಮೊದಲೇ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಅದು 230 ಮತ್ತು 155. ಚಾರ್ಮಾಡಿ, ಆಗುಂಬೆಯ ಘಾಟಿ ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿದರೆ ಚಕ್ರಗಳ ಬಳಿ ವಿಪರೀತ ಬಿಸಿಯೇರಿ ಹಳೆಯ ಆಯಿಲ್ ಕುದಿದು ಆವಿಯಾಗಬಹುದು. ಆದ್ದರಿಂದಲೇ ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕು ಎನ್ನುವುದು.

ನೀವು ಗಾಡಿ ಓಡಿಸದಿದ್ದರೂ ಇಷ್ಟು ಮಾಡಬಹುದು. ತಿಂಗಳಿಗೊಮ್ಮೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆಸಿ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬದಿಗೆ, ಗಾಜಿನ ಹತ್ತಿರ, ಬಿಳಿ ಪ್ಲಾಸ್ಟಿಕ್‌ನ ಸಣ್ಣ ಡಬ್ಬಿ ಇರುತ್ತದೆ. ಅದರ ಮೇಲೆ ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆಗಳಿವೆ. ಆಯಿಲ್ ಆ ಗೆರೆಗಳ ನಡುವೆ ಇರಬೇಕು. ಮುಚ್ಚಳ ತೆಗೆಯಬೇಡಿ, ಹೊರಗಿನಿಂದ ನೋಡಿದರೆ ಸಾಕು. ಬಣ್ಣ ತಿಳಿ ಜೇನಿನಂತಿದ್ದರೆ ಸರಿ, ಕಪ್ಪಾಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಬಣ್ಣ ಚೆನ್ನಾಗಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಪುಸ್ತಕದಲ್ಲಿ ಹೇಳಿದ ಅವಧಿಗೆ, ಪೂರ್ತಿ ಬದಲಿಸಬೇಕು.

ಆಯಿಲ್ ಕಡಿಮೆಯಾಗಿದ್ದರೆ "ತುಂಬಿಸಿಬಿಡಿ" ಎಂದಷ್ಟೇ ಹೇಳಬೇಡಿ. ಏಕೆ ಕಡಿಮೆಯಾಯಿತು ಎಂದು ಕೇಳಿ. ಎಲ್ಲೋ ಸೋರುತ್ತಿರಬಹುದು, ಇಲ್ಲವೇ ಬ್ರೇಕ್ ಪ್ಯಾಡ್ ಸವೆದಿರಬಹುದು. ಕಾರಣ ಕೇಳದೆ ತುಂಬಿಸುವುದು, ಜ್ವರಕ್ಕೆ ಕಾರಣ ನೋಡದೆ ಮಾತ್ರೆ ಕೊಟ್ಟಂತೆ. ಮುಚ್ಚಳದ ಮೇಲೆ ಬರೆದ ಬಗೆಯನ್ನೇ ಹಾಕಿಸಿ. ಎಂಜಿನ್ ಆಯಿಲ್ ತಪ್ಪಿಯೂ ಹಾಕಬಾರದು, ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ತೆರೆದು ವರ್ಷವಾದ ಅರ್ಧ ಬಾಟಲಿಯೂ ಬೇಡ. ಇದು ವಿಷ, ಮಕ್ಕಳ ಕೈಗೆ ಸಿಗದಂತಿಡಿ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ.

ಆ ಸಂಜೆ ಸುರಪುರದಲ್ಲಿ ಅಸರ್ ನಮಾಝ್ ಮಾಡಿ ಕುಳಿತಾಗ ನನ್ನ ಮನಸ್ಸು ಒಂದೇ ವಿಷಯದಲ್ಲಿ ನಿಂತಿತ್ತು. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಪ್ರವಾದಿ(ಸ)ರವರು ತಿಳಿಸಿದ ಪ್ರಸಂಗವನ್ನು ನಾನು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಅಂದು ಬೆಳಗ್ಗೆ ದುಆ ಓದಿದೆ, ಒಂಟೆಯನ್ನು ಕಟ್ಟಿರಲಿಲ್ಲ. ದಾರಿಯಲ್ಲಿ ಬಿದ್ದ ಮುಳ್ಳನ್ನು ಎತ್ತಿ ಬದಿಗಿಡುವುದೂ ಸದಕಾ ಎಂದು ಕಲಿತ ನಾವು, ಬ್ರೇಕ್ ಹಿಡಿಯದ ಗಾಡಿಯನ್ನೇ ಶಾಲೆಯ ಮಕ್ಕಳ ದಾರಿಗೆ ತಂದಿದ್ದೆವು. ನಮ್ಮ ಪ್ರಾಣ ನಮ್ಮ ಕೈಯಲ್ಲಿರುವ ಅಮಾನತ್. ಆ ಮಕ್ಕಳ ಪ್ರಾಣವೂ ಆ ಹೊತ್ತು ನಮ್ಮ ಕೈಯಲ್ಲಿದ್ದ ಅಮಾನತ್ತೇ ಆಗಿತ್ತು.

ತಪ್ಪು ಭಾವನವರದು ಮಾತ್ರವಲ್ಲ. ಮನೆಯ ಗ್ಯಾಸ್ ಎಂದು ಹಚ್ಚಿದ್ದು, ಮಗುವಿನ ಚುಚ್ಚುಮದ್ದು ಎಂದು ಎಂಬುದೆಲ್ಲ ನೆನಪಿಡುವ ಆಪಾ ಮತ್ತು ನಾನು, ಕಣ್ಣಿಗೆ ಕಂಡ ದೀಪದ ಬಗ್ಗೆ "ಒಮ್ಮೆ ನಿಲ್ಲಿಸಿ ನೋಡೋಣ" ಎಂದು ಹೇಳಲಿಲ್ಲ. ಹೇಳಿದ್ದರೆ ಭಾವ ಬೇಸರಿಸುತ್ತಿರಲಿಲ್ಲ. ಅದು ನಮಗೆ ಸಂಬಂಧಿಸಿದ್ದಲ್ಲ ಎಂದು ನಾವೇ ಅಂದುಕೊಂಡಿದ್ದೆವು. ದೀಪ ನೋಡಿ ಬಾಯಿಬಿಟ್ಟು ಹೇಳಿದವಳು ಹತ್ತು ವರ್ಷದ ಹುಡುಗಿಯೊಬ್ಬಳೇ.

ಕತ್ತಲಾದ ಮೇಲೆ ಭೀಮೆಯನ್ನು ದಾಟಿ ರಾಮಸಮುದ್ರ ಸೇರಿದೆವು. ಈಗ ಆ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಶುಕ್ರವಾರ ಬೆಳಗ್ಗೆ ಮಗಳು ಟಾರ್ಚ್ ಹಿಡಿಯುತ್ತಾಳೆ, ಆಪಾ ಗೆರೆ ನೋಡುತ್ತಾಳೆ. ಆಯಿಲ್ ಬದಲಿಸಿದ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿದ್ದಾರೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಕಾರಿದ್ದರೆ ಮುಂದಿನ ಪ್ರಯಾಣಕ್ಕೆ ಮೊದಲು ಮನೆಯವರನ್ನು ಒಂದು ಮಾತು ಕೇಳಿ: "ಬ್ರೇಕ್ ಆಯಿಲ್ ಎಂದು ಬದಲಿಸಿದ್ದು?" ಉತ್ತರ ಬರದಿದ್ದರೆ ಅಂದೇ ತೋರಿಸಿ. ಆಮೇಲೆ ಬಿಸ್ಮಿಲ್ಲಾಹ್ ಹೇಳಿ ಹೊರಡಿ. ಅಲ್ಲಾಹನು ನಿಮ್ಮೆಲ್ಲರ ಪ್ರಯಾಣವನ್ನೂ, ದಾರಿಯಲ್ಲಿ ನಡೆಯುವವರ ಮಕ್ಕಳನ್ನೂ ಕಾಪಾಡಲಿ. ಆಮೀನ್.